ಗೋಣಿತಾಟು

ಬೆಸಗರಹಳ್ಳಿಯಿಂದ ಮದ್ದೂರಿಗೆ ಹೋಗುವ ಎಂಟು ಹತ್ತರ ಬಸ್ಸಿನ ಬಾಗಿಲಲ್ಲಿ ಐದು ಜನ ಒಟ್ಟಿಗೆ ಸಿಕ್ಕಿಕೊಂಡಿದ್ದರು. ಯಾರೂ ಯಾರನ್ನೂ ತಡೆದಿರಲಿಲ್ಲ. ಎಲ್ಲರಿಗೂ ಒಳಗೆ ಹೋಗುವ ಮನಸ್ಸಿತ್ತು, ಎಲ್ಲರೂ ಸಮನಾಗಿ ನುಗ್ಗಿದ್ದರು. ಹೀಗಾಗಿ ಒಬ್ಬರ ಭುಜ ಇನ್ನೊಬ್ಬರ ಬೆನ್ನಿಗೆ, ಆ ಬೆನ್ನು ಬಾಗಿಲ ಕಂಬಿಗೆ ಒತ್ತಿಕೊಂಡು ಅಲ್ಲೊಂದು ಪುಟ್ಟ ಕಮಾನು ಕಟ್ಟಿಬಿಟ್ಟಿತ್ತು. ಹಿಂದೆ ನಿಂತ ಅರುಂಧತಿಗೆ ಅದನ್ನು ನೋಡಿ ಖುಷಿಯಾಯಿತು. ಎಂ.ಎಸ್ಸಿ.ಯ ಎರಡನೆಯ ವರ್ಷದಲ್ಲಿ ಇದೇ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಅವಳು ಸೆಮಿನಾರ್ ಕೊಟ್ಟಿದ್ದಳು: ಕಾಳುಗಳು ಕಿರಿದಾದ ಬಾಯಿಗೆ ಬಂದಾಗ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಆ ಉಜ್ಜುವಿಕೆಯಿಂದಲೇ ಕಮಾನಾಗಿ ನಿಂತುಬಿಡುತ್ತವೆ, ನುಣ್ಣಗಿದ್ದಿದ್ದರೆ ಜಾರಿ ಹೋಗುತ್ತಿದ್ದವು. "ಒಬ್ರು ಇಂದಕ್ ಸರೀರಪ್ಪ," ಎಂದು ಕಂಡಕ್ಟರ್ ಒಳಗಿನಿಂದ ಕೂಗಿದ. "ನಾನ್ಯಾಕ್ ಸರೀಲಿ, ನಾನೇ ಮೊದ್ಲು ಬಂದಿದ್ದು," ಎಂದಳು ಸೊಪ್ಪಿನ ಮಂಕರಿ ಹಿಡಿದಿದ್ದ ಹೆಂಗಸು. ಕಂಡಕ್ಟರ್ ಬಗ್ಗಿ ಅವಳ ಮಂಕರಿಯನ್ನಷ್ಟೇ ಎತ್ತಿಕೊಂಡ. ಅಷ್ಟು ಸಾಕಾಯಿತು. ಐವರೂ ಒಳಗೆ ಮುಗ್ಗರಿಸಿದರು, ಹಿಂದೆಯೇ ಇನ್ನೂ ಹತ್ತು ಜನ, ಅವರ ನಡುವೆ ಅರುಂಧತಿ. ಎಡಗಡೆ ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಗಾಳಿ ತಂಪಾಗಿತ್ತು, ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಇನ್ನೂ ಎಳೆಯದಿತ್ತು. ಕಾಳುಗಳ ವಿಷಯ ಯೋಚಿಸುತ್ತ ಕೂತರೆ ಇನ್ನೊಂದು ವಿಷಯ ಯೋಚಿಸಬೇಕಾಗಿರಲಿಲ್ಲ. ಆದರೆ ತೊಂದರೆ ಏನೆಂದರೆ ಆ ಇನ್ನೊಂದು ವಿಷಯವೂ ಕಾಳುಗಳದ್ದೇ ಆಗಿತ್ತು.

ಈ ದಿನ ಮಧ್ಯಾಹ್ನ ಮೂರು ಗಂಟೆಗೆ ಗೆಜ್ಜಲಗೆರೆಯ ಕೋಳಿ ಆಹಾರದ ಕಾರ್ಖಾನೆಯಲ್ಲಿ, ಅವಳು ಎರಡು ವರ್ಷದಿಂದ ಗುಣಮಟ್ಟ ಅಧಿಕಾರಿಯಾಗಿರುವ ಕಾರ್ಖಾನೆಯಲ್ಲಿ, ಮುಂದಿನ ವರ್ಷಕ್ಕೆ ಯಾವ ಗುತ್ತಿಗೆ ಕೆಲಸಗಾರರು ಉಳಿಯುತ್ತಾರೆ ಎಂಬ ಪಟ್ಟಿಗೆ ಮ್ಯಾನೇಜರ್ ಜಯಪ್ರಕಾಶ್ ಸಹಿ ಹಾಕುವವರಿದ್ದರು. ಅದರಲ್ಲಿ ಚಿಕ್ಕಬೋರಯ್ಯನ ಹೆಸರು ಇರಲಿಲ್ಲ. ಇಲ್ಲದಿರುವುದಕ್ಕೆ ಕಾರಣ ಅರುಂಧತಿ ಬರೆದ ವರದಿ. ಮುಸುಕಿನ ಜೋಳದ ತೊಟ್ಟಿಯಿಂದ ಗ್ರೈಂಡರಿಗೆ ಇಳಿಯುವ ಹನ್ನೆರಡು ಅಡಿ ಉದ್ದದ ಉಕ್ಕಿನ ಕಾಲುವೆಗೆ ಅಲ್ಲಿಯವರು ದೋಣಿ ಎನ್ನುತ್ತಿದ್ದರು. ಆ ದೋಣಿಯ ತಲೆಯಲ್ಲಿರುವ ಬಾಗಿಲನ್ನು ಆರು ವರ್ಷದಿಂದ ಏರಿಸಿ ಇಳಿಸುತ್ತಿದ್ದವನು ಚಿಕ್ಕಬೋರಯ್ಯ. ಐದು ವಾರದಿಂದ ಜೋಳ ಅಲೆಅಲೆಯಾಗಿ ನುಗ್ಗಿ ಗ್ರೈಂಡರಿನ ಮೋಟರು ಮೇಲಿಂದ ಮೇಲೆ ಟ್ರಿಪ್ ಆಗಿ ನಿಲ್ಲುತ್ತಿತ್ತು. ಅವನು ಬಾಗಿಲನ್ನು ಅಳತೆ ತಪ್ಪಿ ಎತ್ತುತ್ತಾನೆ ಎಂದು ಅವಳು ಬರೆದಿದ್ದಳು. ಬರೆಯುವಾಗ ಅದನ್ನು ನಂಬಿದ್ದಳು. ಮೊನ್ನೆ ಸಂಜೆಯಿಂದ ನಂಬುತ್ತಿರಲಿಲ್ಲ.

ಮೊನ್ನೆ ಸಂಜೆ ಅಡುಗೆಮನೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ, ಅವಳು ಸ್ಟೀಲಿನ ಉದ್ದನೆಯ ತಟ್ಟೆಯೊಂದನ್ನು ಓರೆಯಾಗಿ ನಿಲ್ಲಿಸಿ ಮೇಲಿನಿಂದ ಒಂದು ಸೇರು ಜೋಳ ಬಿಟ್ಟಿದ್ದಳು. ಕಾಳುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಒಟ್ಟಿಗೇ ಜಾರಿ, ಜಾರುತ್ತ ವೇಗ ಹೆಚ್ಚಿಸಿಕೊಂಡು, ಮುಂದೆ ತೆಳ್ಳಗೆ ಹಿಂದೆ ದಪ್ಪಗೆ ಗುಂಪುಗಟ್ಟಿ, ಧೊಪ್ಪೆಂದು ಬಿದ್ದು ಒಲೆಯ ಕೆಳಗೆಲ್ಲ ಓಡಿದವು. ಆಮೇಲೆ ಅದೇ ತಟ್ಟೆಗೆ ಗೋಣಿತಾಟಿನ ತುಂಡು ಹಾಸಿ, ಅದೇ ಓರೆಯಲ್ಲಿ, ಅದೇ ಸೇರು. ಈ ಸಲ ತಳದ ಕಾಳು ಗೋಣಿಯ ನೂಲಿಗೆ ತಡವರಿಸಿತು, ಅದರ ಮೇಲಿನದು ಅದಕ್ಕೆ ಉಜ್ಜಿಕೊಂಡಿತು, ಅದರ ಮೇಲಿನದು ಇದಕ್ಕೆ. ಪದರ ಪದರವಾಗಿ ಒಂದರ ಓಟವನ್ನು ಇನ್ನೊಂದು ಸ್ವಲ್ಪ ಸ್ವಲ್ಪ ತಿಂದುಕೊಂಡು ಇಡೀ ರಾಶಿ ಒಂದೇ ಸಮನೆ, ಕಾಯಿಸಿದ ಬೆಲ್ಲದ ಪಾಕದ ಹಾಗೆ ಇಳಿಯಿತು. ಹನ್ನೊಂದು ಸಲ ಮಾಡಿದಳು. ಹನ್ನೊಂದು ಸಲವೂ ಹಾಗೇ. "ಅಮ್ಮೀ, ನಾಳಿಕ್ ಕೋಳಿಗಾಕಕ್ಕೆ ಜೋಳ ಉಳಿಸ್ತೀಯ, ಇಲ್ಲ ಎಲ್ಲಾನೂ ಒಲೆ ಕೆಳುಗ್ ಬಿತ್ತನೆ ಮಾಡ್ತೀಯ?" ಎಂದು ತಾಯಿ ಪಟ್ಟಲಮ್ಮ ಬಾಗಿಲಲ್ಲಿ ಸೆರಗು ಕಟ್ಟಿ ನಿಂತಿದ್ದಳು. ಅರುಂಧತಿ ಬಗ್ಗಿ ಒಲೆಯ ಕೆಳಗಿನ ಕಾಳು ಆರಿಸತೊಡಗಿದಳು. ಇಷ್ಟು ಸೊಗಸಾದ ಪ್ರಯೋಗ ತನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ ಎಂಬ ಸಂತೋಷ ಒಂದು ಕಡೆ, ತಾನು ಬರೆದ ವರದಿ ತಪ್ಪು ಎಂಬ ಅರಿವು ಇನ್ನೊಂದು ಕಡೆ.

ಏಕೆಂದರೆ ದೋಣಿಯಲ್ಲಿ ಗೋಣಿತಾಟು ಇತ್ತು. ಐದು ವಾರದ ಹಿಂದೆ, ಸ್ವಚ್ಛತೆಯ ತಪಾಸಣೆ ಬರುತ್ತದೆಂದು ಟಾರ್ಚು ಹಿಡಿದು ದೋಣಿಯೊಳಗೆ ಇಣುಕಿದಾಗ ತಳದುದ್ದಕ್ಕೂ ಅಂಟಿಸಿದ್ದ, ಕರ್ರಗೆ ಜಿಡ್ಡುಗಟ್ಟಿದ ಗೋಣಿಯನ್ನು ಅವಳು ನೋಡಿದ್ದಳು. "ಇದೇನಿದು ಕೊಳಕು?" ಎಂದು ಕೇಳಿದಾಗ ಚಿಕ್ಕಬೋರಯ್ಯ, "ಅದು ಇರ್ಲಿ ಬುಡಿ, ಜೋಳಕ್ಕೆ ಅದು ಬೇಕು," ಎಂದಿದ್ದ. ಯಾಕೆ ಬೇಕು ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಕಿತ್ತು ಹಾಕಿಸಿ, ಉಕ್ಕನ್ನು ಕನ್ನಡಿಯ ಹಾಗೆ ಉಜ್ಜಿಸಿದಳು. ಕೀಳುವವರು ಎಳೆದಾಗ ಗೋಣಿ ಪರ್ರನೆ ಹರಿದ ಸದ್ದು ಅವಳಿಗೆ ಹಿತವಾಗಿತ್ತು. ಬಸ್ಸು ತಿರುವಿನಲ್ಲಿ ವಾಲಿ, ಸಾಲಾಗಿ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಒರಗಿ ಮತ್ತೆ ನೆಟ್ಟಗಾದರು. ಹಿತವಾಗಿತ್ತು ಎಂಬುದನ್ನು ಅರುಂಧತಿ ಒಂದು ಅಂಕಿಯನ್ನು ಎರಡನೆಯ ಸಲ ಓದುವಂತೆ ಓದಿಕೊಂಡಳು. ತಪ್ಪು ಓದಿರಲಿಲ್ಲ.

ಅವಳಿಗೆ ಒಂಬತ್ತು ವರ್ಷವಿದ್ದಾಗಿನ ಮಾತು. ಆಗಿನ್ನೂ ಹೊಲ ಉಳಿಸಿಕೊಂಡಿದ್ದ, ಅವಳ ಊರಿನವನೇ ಆದ ಚಿಕ್ಕಬೋರಯ್ಯನ ಕಣದಲ್ಲಿ ರಾಗಿ ಬಡಿದವನು, ತೂರಿದವನು, ಗುಡಿಸಿ ರಾಶಿ ಮಾಡಿದವನು ಅವಳ ಅಪ್ಪ ಅಂಕಯ್ಯ. ರಾಶಿಯ ನೆತ್ತಿಗೆ ಹೂವಿಟ್ಟು ಪೂಜೆಗೆ ಶುರುಮಾಡುವ ಹೊತ್ತಿಗೆ ಚಿಕ್ಕಬೋರಯ್ಯ ತಿರುಗಿಯೂ ನೋಡದೆ ಹೇಳಿದ್ದ: "ಅಂಕಾ, ಆಚೆ ನಿಂತ್ಕಳ್ಲಾ. ರಾಸಿ ಮುಟ್ಬುಟ್ಟೀಯ." ಅಪ್ಪ ಆಚೆ ಹೋಗಿ ನಿಂತ. ಅವನ ಮುಂಗೈಯ ಬೆವರಿಗೆ ರಾಗಿಕಾಳುಗಳು ಅಂಟಿಕೊಂಡಿದ್ದವು, ಕಿವಿಯ ಹಿಂದೆ, ಹುಬ್ಬಿನಲ್ಲಿ, ಅಂಗಿಯ ಹೊಲಿಗೆಯಲ್ಲಿ. ರಾಶಿಯೇ ಅವನನ್ನು ಮುಟ್ಟಿಕೊಂಡು ಬಂದಿತ್ತು, ಅದಕ್ಕೆ ಯಾರೇನೂ ಮಾಡುವ ಹಾಗಿರಲಿಲ್ಲ. ಆ ವಯಸ್ಸಿನಲ್ಲಿ ಅವಳಿಗೆ ಅದು ತಮಾಷೆಯಾಗಿ ಕಂಡು ಕಿಸಕ್ಕನೆ ನಕ್ಕಿದ್ದಳು. ಅಪ್ಪ ಮೆಲ್ಲಗೆ ಅವಳ ತಲೆ ಮೊಟಕಿದ್ದ. ಎಷ್ಟೋ ವರ್ಷದ ಮೇಲೆ, ಅಪ್ಪ ಹೈಸ್ಕೂಲಿನ ಜವಾನನ ಕೆಲಸದಿಂದ ನಿವೃತ್ತನಾದ ಮೇಲೆ, ಆ ಮಾತು ಬಂದಾಗ ಅವನು, "ಅವ್ನು ಕಣದ ತಾವ ಅಂಗೆ. ಮಿಕ್ಕಂಗೆ ಕೆಲ್ಸ ಬಲ್ಲೋನು," ಎಂದಷ್ಟೇ ಹೇಳಿದ. ಅರುಂಧತಿಗೆ ಆ 'ಮಿಕ್ಕಂಗೆ' ಎನ್ನುವುದು ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯಲಿಲ್ಲ. ತಪಾಸಣೆಗೆಂದು ಗೋಣಿ ಕಿತ್ತಿಸಿದ್ದು ನಿಜ. ಗೋಣಿಯಲ್ಲಿ ಹುಳುವಿತ್ತು, ಅದೂ ನಿಜ. ಆದರೆ ಕಾರಣ ಕೇಳದೆ ಇದ್ದದ್ದು ಮಾತ್ರ ಕಣದ ಆಚೆ ನಿಂತ ಆ ಒಂಬತ್ತು ವರ್ಷದ ಹುಡುಗಿ.

ಮದ್ದೂರಿನಲ್ಲಿ ಇಳಿದು ಗೆಜ್ಜಲಗೆರೆಯ ಬಸ್ಸು ಹಿಡಿದು ಕಾರ್ಖಾನೆ ಮುಟ್ಟುವ ಹೊತ್ತಿಗೆ ಮೋಟರು ಆಗಲೇ ಒಂದು ಸಲ ನಿಂತು ಹೋಗಿತ್ತು. "ಇಪ್ಪತ್ತನೇದು," ಎಂದು ಪ್ಯಾನೆಲ್ ನೋಡಿಕೊಳ್ಳುವ ವನಜಾ ಬೆರಳು ಮಡಿಸಿ ತೋರಿಸಿದಳು. ಆಂಪಿಯರಿನ ಮುಳ್ಳು ಸುಮ್ಮನಿರುತ್ತದೆ, ಇದ್ದಕ್ಕಿದ್ದಂತೆ ಅರವತ್ತಕ್ಕೆ ಹಾರುತ್ತದೆ, ಫಟ್. "ಬೋರಯ್ಯನೋರ್ನ ಬಾಗ್ಲಿಂದ ತೆಗ್ದು ಹತ್ತು ದಿನ ಆಯ್ತು ಮೇಡಂ. ಈಗಿರೋ ಶಶಿಧರ್ ಏನ್ ಪಾಪ ಮಾಡವ್ನೆ, ಅವ್ನೂ ಅಳತೆ ತಪ್ತಾನಾ?" ಅವಳ ಮಾತಿನಲ್ಲಿ ಚುಚ್ಚುವಿಕೆ ಇತ್ತೋ ಇಲ್ಲವೋ ಅರುಂಧತಿಗೆ ಹೊಳೆಯಲಿಲ್ಲ. ಅಂಗಳದಲ್ಲಿ ಚಿಕ್ಕಬೋರಯ್ಯ ಉದ್ದನೆಯ ಪೊರಕೆಯಿಂದ ಉದುರಿದ ಜೋಳ ಗುಡಿಸುತ್ತಿದ್ದ. ಐವತ್ತೆಂಟು ವಯಸ್ಸು, ಪೊರಕೆಯ ಹಿಡಿಯಷ್ಟೇ ಗಂಟುಗಂಟಾದ ಕೈ. ಅವಳನ್ನು ಕಂಡು ಬದಿಗೆ ಸರಿದು, "ಬಂದದ್ದಾಯ್ತಾ? ತಿಂಡಿ ಆಗದಾ?" ಎಂದ.

ಎರಡು ವರ್ಷದಿಂದ ಅವನು ಅವಳೊಡನೆ ಹೀಗೇ ಮಾತಾಡುತ್ತಿದ್ದ. ಅಂಕಯ್ಯನ ಮಗಳಿಗೆ ನೀವು ಎನ್ನಲು ನಾಲಿಗೆ ಏಳದು, ಅಧಿಕಾರಿಗೆ ನೀನು ಎನ್ನಲು ಧೈರ್ಯ ಸಾಲದು. ಹಾಗಾಗಿ ನೀನೂ ಇಲ್ಲದ ನೀವೂ ಇಲ್ಲದ ಒಂದು ಕನ್ನಡವನ್ನು ಅವನೇ ಕಟ್ಟಿಕೊಂಡಿದ್ದ. ಬಂದದ್ದಾಯ್ತಾ, ಊಟ ಆಗದಾ, ಎಂಗ್ ಮಾಡದು, ಎಲ್ಲಿಗ್ ಓಗದು. 'ಬುಡಿ' ಎಂಬ ಮಾತಿನಲ್ಲಿ ಒಮ್ಮೊಮ್ಮೆ ಮರ್ಯಾದೆ ಇಣುಕಿದರೂ ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಇಷ್ಟು ವರ್ಷದಲ್ಲಿ ಒಂದು ಸಲವೂ ಅವನು ಎಡವಿರಲಿಲ್ಲ. ವಾಕ್ಯಗಳು ಅವಳನ್ನು ಎಲ್ಲೂ ಮುಟ್ಟದೆ ಪಕ್ಕದಲ್ಲೇ ನುಣ್ಣಗೆ ಜಾರಿಹೋಗುತ್ತಿದ್ದವು, ಅವಳೂ ಅದಕ್ಕೆ ತಕ್ಕಂತೆ ತಲೆಯಾಡಿಸುವುದನ್ನು ಕಲಿತಿದ್ದಳು. ಈಗಲೂ, "ಆಯ್ತು," ಎಂದು ಮ್ಯಾನೇಜರರ ಕೋಣೆಗೆ ಹೋದಳು.

"ಸರ್, ಮೋಟರ್ ಟ್ರಿಪ್ ಆಗ್ತಿರೋದು ಬೋರಯ್ಯನವರಿಂದ ಅಲ್ಲ. ನನ್ನಿಂದ."

ಜಯಪ್ರಕಾಶ್ ಕುರ್ಚಿ ತೋರಿಸಿದರು. ಅವಳು ಹೇಳಿದಳು: ತಟ್ಟೆ, ಸೇರು, ಹನ್ನೊಂದು ಸಲ. ತಳ ನುಣ್ಣಗಿದ್ದರೆ ಕಾಳು ತಳದ ಮೇಲೆ ಜಾರುತ್ತದೆ, ಕಾಳು ಕಾಳಿಗೆ ಉಜ್ಜುವುದಿಲ್ಲ, ಓಟಕ್ಕೆ ಕಡಿವಾಣ ಇರುವುದಿಲ್ಲ. ತಳ ಒರಟಾಗಿದ್ದರೆ ಕಾಳುಗಳೇ ಒಂದನ್ನೊಂದು ಹಿಡಿದು ನಡೆಸುತ್ತವೆ. ಅವರು ಬಹಳ ಸಂತೋಷದಿಂದ ಕೇಳಿಸಿಕೊಂಡರು. "ಎಷ್ಟು ಚೆನ್ನಾಗಿ ವಿವರಿಸ್ತೀರ. ಹಾಗಾದ್ರೆ ಗೋಣಿ ಹಾಕ್ಸಿಬಿಡಿ. ಒಳ್ಳೇ ಸುಧಾರಣೆ. ನಿಮ್ಮ ಹೆಸರಲ್ಲೇ ಮೇಲಕ್ಕೆ ಬರೆಯೋಣ."

"ಸುಧಾರಣೆ ಅಲ್ಲ ಸರ್. ಗೋಣಿ ಮೊದ್ಲೇ ಇತ್ತು. ಅವರು ಹಾಕಿದ್ದರು, ನಾನು ಕೀಳಿಸಿದೆ."

"ನಿಮಗೆ ವಿನಯ ಜಾಸ್ತಿ."

"ಪಟ್ಟಿ?"

"ಗೋಣಿ ಬೇರೆ, ಪಟ್ಟಿ ಬೇರೆ. ಅವರಿಗೂ ವಯಸ್ಸಾಯ್ತಲ್ಲ ಪಾಪ." ಅವರು ನಗುತ್ತಲೇ ಇದ್ದರು. ಎರಡು ದಿನ ಎದೆಯಲ್ಲಿ ಹೊತ್ತು ತಂದ ತಪ್ಪೊಪ್ಪಿಗೆ ಉಜ್ಜಿದ ಉಕ್ಕಿನ ಮೇಲೆ ಬಿದ್ದಂತೆ ಇಳಿದು ಮೇಜಿನ ಆ ಕಡೆಗೆ ಹೋಗಿಯೇಬಿಟ್ಟಿತು. ಈಗ ಎದ್ದು ಹೊರಡಬಹುದು, ಹೇಳುವುದನ್ನು ಹೇಳಿಯಾಯಿತು ಎಂದೂ ಒಂದು ಕ್ಷಣ ಅನ್ನಿಸಿತು, ಮತ್ತು ಆ ಕ್ಷಣ ಬಹಳ ಆರಾಮಾಗಿತ್ತು. ಅರುಂಧತಿ ಮೇಜಿನ ಮೂಲೆಯಲ್ಲಿದ್ದ ಮೆಷಿನ್ ಬುಕ್ಕನ್ನು ಎಳೆದುಕೊಂಡಳು. ಚಿಕ್ಕಬೋರಯ್ಯ ಬಾಗಿಲಲ್ಲಿದ್ದಾಗ ಟ್ರಿಪ್ ಆದ ಪ್ರತಿ ಸಲದ ಎದುರಿಗೆ ಅವಳದೇ ಗುಂಡನೆಯ ಅಕ್ಷರ, ಬಾಗಿಲು ನಿರ್ವಹಣೆಯಲ್ಲಿ ಅಜಾಗರೂಕತೆ. ಅದನ್ನು ಹೊಡೆದು ಹಾಕದೆ, ಕೊನೆಯ ಸಾಲಿನ ಕೆಳಗೆ ಬರೆದಳು: ಮೇಲಿನ ಎಲ್ಲದಕ್ಕೂ ಕಾರಣ ದೋಣಿಯ ಗೋಣಿ ಹಾಸನ್ನು ತೆಗೆಸಿದ್ದು. ತೆಗೆಸಿದವಳು ನಾನು. ಬಾಗಿಲು ನಿರ್ವಾಹಕನ ತಪ್ಪಿಲ್ಲ. ಸಹಿ, ದಿನಾಂಕ, ಸಮಯ ಹನ್ನೊಂದು ಇಪ್ಪತ್ತು.

ಜಯಪ್ರಕಾಶ್ ಕನ್ನಡಕ ತೆಗೆದರು. "ಇದು ಆಡಿಟ್‌ಗೆ ಹೋಗೋ ಪುಸ್ತಕ ಕಣ್ರೀ." ಮೊದಲ ಸಲ ಅವರ ದನಿ ಎಲ್ಲೋ ತಡವರಿಸಿತು. "ಮುಂದಿನ ತಿಂಗಳು ನಿಮ್ಮನ್ನು ಕಾಯಂ ಮಾಡೋ ವಿಷಯ ಇದೆ. ನೆನಪಿದೆಯಾ?"

"ಇದೆ ಸರ್."

"ಇಪ್ಪತ್ತು ಸಲ ಮೋಟರ್ ನಿಲ್ಲಿಸಿದೋರು ಅಂತ ನಿಮ್ಮ ಕೈಯಾರೆ ಬರೆದಿದೀರ." ಅವರು ಪುಸ್ತಕ ಮುಚ್ಚಿ, ಮತ್ತೆ ತೆರೆದು, ಇನ್ನೊಮ್ಮೆ ಓದಿದರು. "ಹೋಗಿ. ಗೋಣಿ ಹಾಕ್ಸಿ ಓಡಿಸಿ. ಮೂರು ಗಂಟೆವರೆಗೆ ಒಂದು ಸಲಾನೂ ನಿಲ್ಲದೇ ಹೋದ್ರೆ ಅವರ ಹೆಸರು ಬರೀತೀನಿ. ನಿಂತ್ರೆ ನೀವು ಬರೆದದ್ದು ನಿಮಗೇ ಇರಲಿ."

ಅಂಗಳಕ್ಕೆ ಬರುವಾಗ ಅವಳ ನಡಿಗೆ ಹಗುರಾಗಿತ್ತು, ಬುದ್ಧಿ ಮಾತ್ರ ಲೆಕ್ಕ ಹಾಕುತ್ತಿತ್ತು: ಗೋಣಿಗೆ ಎಷ್ಟು ಒರಟು ಬೇಕು, ದಪ್ಪವಾದರೆ ಜೋಳ ನಿಂತೇಹೋಗುತ್ತದೆ, ತೆಳ್ಳಗಾದರೆ ಪ್ರಯೋಜನವಿಲ್ಲ, ಯಾವ ಅಂಟು, ಹೊಲಿಗೆ ಯಾವ ಕಡೆ. ಅಡುಗೆಮನೆಯ ತಟ್ಟೆ ಒಂದೂವರೆ ಅಡಿ. ದೋಣಿ ಹನ್ನೆರಡು. ಇದೆಲ್ಲ ಗೊತ್ತಿದ್ದವನು ಪೊರಕೆ ಹಿಡಿದಿದ್ದ. ಅವಳು ಹೋಗಿ ಅವನ ಎದುರಿಗೇ ನಿಂತಳು. "ಬೋರಯ್ಯನೋರೆ, ಗೋಣಿ ಕೀಳಿಸಿದ್ದು ನನ್ನ ತಪ್ಪು. ಅದಕ್ಕೇ ಜೋಳ ನುಗ್ಗುತ್ತಿತ್ತು. ನಾನು ನಿಮ್ಮ ಮೇಲೆ ಬರೆದೆ."

ಪೊರಕೆ ನಿಂತಿತು. "ಇದು ಗೊತ್ತಾಗಿದ್ದು ಯಾವಾಗ?"

"ಮೊನ್ನೆ."

"ಮೊನ್ನೆ." ಅವನು ಅದನ್ನು ಅಗಿದು ನೋಡಿದಂತೆ ಮಾಡಿದ. "ಮೊನ್ನೆ ಗೊತ್ತಾಗಿ ನಿನ್ನೆಯೆಲ್ಲ ಸುಮ್ಕಿದ್ದು, ಇವತ್..." ಮುಖ ಕೆಂಪಾಯಿತು. ಎರಡು ವರ್ಷ ಕಾಪಾಡಿಕೊಂಡು ಬಂದ ವ್ಯಾಕರಣ ಒಮ್ಮೆಗೇ ಕುಸಿಯಿತು. "ಅಲ್ಲ ಕಣಮ್ಮೀ, ನಿಂಗೇನಾರ ತಲೆ ನೆಟ್ಟಗದಾ? ಜೋಳಕ್ ಬೇಕು ಅಂತ ಬಾಯ್ಬುಟ್ ಏಳಿದ್ನಲ್ಲ, ಕಿವಿ ಎಲ್ಲಿಕ್ಕಿದ್ದೆ ನೀನು? ಓದೀವ್ನಿ ಅಂತ..."

"ನೀವು ಅನ್ನಿ," ಎಂದಳು ಅರುಂಧತಿ.

"ಆ?"

"ಬಯ್ಯಿರಿ. ಬೈಸಿಕೊಳ್ಳೋ ಕೆಲಸಾನೇ ಮಾಡಿದೀನಿ, ಎಷ್ಟು ಬೇಕಾದ್ರೂ ಬಯ್ಯಿರಿ. ಆದ್ರೆ ನೀವು ಅಂತ ಬಯ್ಯಿರಿ."

ಚಿಕ್ಕಬೋರಯ್ಯ ಸುತ್ತ ನೋಡಿದ. "ನೀವು ಅಂತ ಎಂಗಮ್ಮ ಬಯ್ಯದು? ಅದು ಬೈಗಳ ಆದಾತಾ?" ಪ್ಯಾನೆಲ್ ರೂಮಿನ ಕಿಟಕಿಯಿಂದ ವನಜಾ ಕೂಗಿದಳು: "ಒಂದ್ಸಲ ಅಂದ್ ನೋಡಿ ಬೋರಯ್ಯನೋರೆ, ಬಾಯೇನ್ ಸವೆಯಕ್ಕಿಲ್ಲ." ಅವನ ಗಂಟಲಲ್ಲಿ ಬೇಕಾದಷ್ಟು ಬೈಗಳು ಒಟ್ಟಿಗೆ ಬಂದು ನಿಂತಿದ್ದು ಹೊರಗಿನಿಂದಲೇ ಕಾಣುತ್ತಿತ್ತು. ಪೊರಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನೀವು... ನೀವು ಬಾಳ ಬುದ್ಧಿ ಇಲ್ದೋರು."

"ಹೂಂ."

"ಏಳುದ್ರೆ ಕೇಳದಿಲ್ಲ ನೀವು."

"ಹೂಂ. ಕೇಳಲಿಲ್ಲ."

"ದೊಡ್ಡೋರು ಚಿಕ್ಕೋರು ಅನ್ನದೇ ಇಲ್ಲ ನಿಮ್ಗೆ."

"ಅದು ಬೇರೆ ವಿಷಯ. ಗೋಣಿಗೆ ಮಾತ್ರ ಬಯ್ಯಿರಿ."

ಅವನು ಉಸಿರು ಬಿಟ್ಟ. ಬೈಗಳದ ರುಚಿಯೇ ಕೆಟ್ಟುಹೋದವನ ಹಾಗೆ ಪೊರಕೆಯನ್ನು ಗೋಡೆಗೆ ಒರಗಿಸಿದ. "ಗೋಣಿ ಆಕಕ್ಕೆ ಎಷ್ಟೊತ್ ಅದೆ?" "ಮೂರರವರೆಗೆ ಮೋಟರು ನಿಲ್ಲದೆ ಓಡಿದ್ರೆ ನಿಮ್ಮ ಹೆಸರು ಪಟ್ಟಿಗೆ ಬರುತ್ತೆ. ಈಗ ಹನ್ನೊಂದೂ ಮುಕ್ಕಾಲು," ಎಂದಳು ಅರುಂಧತಿ. "ಉಣಸೆಬೀಜದ ಸರಿ ಕಾಯ್ಸಿ ಅಂಟ್ಸಿದ್ದೆ ನಾನು. ಅದು ಒಣಗಕ್ಕೆ ಎರಡ್ ದಿನ ಬೇಕು. ಇವತ್ಗೆ ಮಗ್ಗಲಲ್ಲಿ ಕಬ್ಣದ ಪಟ್ಟಿ ಕೊಟ್ಟು ಬೋಲ್ಟ್ ಬಿಗೀಬೇಕು." ಆಮೇಲೆ ನಡೆದದ್ದು ಬಹಳ ಬೇಗ. ಹಳೆ ಗೋಣಿ ಬೇಡ, ನೂಲು ಸತ್ತಿರುತ್ತದೆ. ಹೊಸದೂ ಬೇಡ, ಜುಂಗು ಜಾಸ್ತಿ. ಒಂದು ಸಲ ತೊಳೆದದ್ದೇ ಆಗಬೇಕು. ಅರುಂಧತಿ ಹೆಲ್ಮೆಟ್ ಹಾಕಿ ದೋಣಿಯ ಕೆಳತುದಿಯಿಂದ ತೂರಿದಳು, ಅವನು ಮೇಲಿನಿಂದ. ಇಬ್ಬರ ತಲೆಗಳು ನಡುವೆ ಸಂಧಿಸಿದಾಗ ಜಾಗ ಎಷ್ಟು ಕಡಿಮೆಯೆಂದರೆ ಅವನ ಮೊಣಕೈ ಅವಳ ಭುಜಕ್ಕೆ ಒತ್ತದೆ ಬೋಲ್ಟು ತಿರುಗುವಂತಿರಲಿಲ್ಲ. ಒಂದು ಕ್ಷಣ ಅವನ ಸ್ಪ್ಯಾನರು ಗಾಳಿಯಲ್ಲಿ ನಿಂತಿತು. ಆಮೇಲೆ ಮೊಣಕೈ ಒತ್ತಿತು. "ಬಿಗಿಯಾಗ್ ಇಡ್ಕಳಿ. ಅಂಗಲ್ಲ. ಗೋಣಿ ಒಲಿಗೆ ಅಡ್ಡಡ್ಡ ಬರ್ಬೇಕು, ಉದ್ದುದ್ದ ಬಂದ್ರೆ ಜೋಳ ಅದನ್ನೇ ದಾರಿ ಮಾಡ್ಕಂಡ್ ಓಡ್ತದೆ." ಅವಳಿಗೆ ಅದು ಹೊಳೆದಿರಲಿಲ್ಲ. ಯಾವ ಪುಸ್ತಕದಲ್ಲೂ ಓದಿರಲಿಲ್ಲ. "ಯಾಕೆ?" ಎಂದು ಕೇಳಿದಳು. ಅವನು ಹೇಳಿದ. ಅವಳು ಅಂಗೈಯಗಲದ ಆ ಕತ್ತಲಲ್ಲೇ ಇನ್ನೊಂದು ಸಲ ಕೇಳಿದಳು, ಅವನು ಬೇಸರದಿಂದ ಇನ್ನೊಂದು ಸಲ ಹೇಳಿದ.

ಹನ್ನೆರಡು ಮುಕ್ಕಾಲಿಗೆ ಶಶಿಧರ್ ಬಾಗಿಲಿನ ಹಿಡಿಯನ್ನು ಚಿಕ್ಕಬೋರಯ್ಯನಿಗೆ ಬಿಟ್ಟುಕೊಟ್ಟ. ಜೋಳ ಇಳಿಯತೊಡಗಿತು. ಮೊದಲಿನ ಧೋ ಎಂಬ ಸದ್ದಲ್ಲ. ಒಂದೇ ಸಮನಾದ, ತುಂಬಿದ ಸರಸರ. ವನಜಾ ಕಿಟಕಿಯಿಂದ, "ನಲವತ್ತೊಂದು," ಎಂದಳು. ಸ್ವಲ್ಪ ಹೊತ್ತಿಗೆ, "ನಲವತ್ತು." ಒಂದೂವರೆಗೆ, "ಮತ್ತೆ ನಲವತ್ತೊಂದೇ, ಮುಳ್ಳು ಕೆಟ್ಟೋಗದೇನೋ." ಎರಡು ಗಂಟೆಗೆ ಮುಳ್ಳು ಐವತ್ತೆಂಟಕ್ಕೆ ಏರಿತು. ಗೋಣಿಯ ಒಂದು ಅಂಚು ಸಡಿಲಾಗಿ ಮೇಲೆದ್ದು, ಅದರ ಹಿಂದೆ ಜೋಳ ಗುಡ್ಡೆಯಾಗುತ್ತಿತ್ತು. ಗುಡ್ಡೆ ಒಡೆದರೆ ಅಲೆ. ಬಾಗಿಲು ಇಳಿಸಿ ಎಂದು ಹೇಳಹೊರಟ ಅರುಂಧತಿ, ಹೇಳದೆ ಚಿಕ್ಕಬೋರಯ್ಯನ ಮುಖ ನೋಡಿದಳು. ಅವನು ಬಾಗಿಲನ್ನು ಇಳಿಸಲಿಲ್ಲ. ಕೂದಲೆಳೆಯಷ್ಟು ಎತ್ತಿದ. ಮೇಲಿನ ಜೋಳದ ಭಾರಕ್ಕೆ ಗೋಣಿ ಮತ್ತೆ ತಳಕ್ಕೆ ಅಂಟಿತು, ಗುಡ್ಡೆ ಕರಗಿತು, ಮುಳ್ಳು ನಡುಗುತ್ತ ನಡುಗುತ್ತ ನಲವತ್ತೆರಡಕ್ಕೆ ಬಂದು ಕೂತಿತು. ಅವಳು ಜೇಬಿನ ಚೀಟಿಯಲ್ಲಿ ಅದನ್ನು ಬರೆದುಕೊಂಡಳು.

ಮೂರಕ್ಕೆ ಜಯಪ್ರಕಾಶ್ ತಾವೇ ಬಂದರು. ಮುಳ್ಳು ನೋಡಿದರು, ದೋಣಿಯೊಳಗೆ ಟಾರ್ಚು ಬಿಟ್ಟು ನೋಡಿದರು, ಪಟ್ಟಿಯ ಕೊನೆಯಲ್ಲಿ ಪೆನ್ನಿನಿಂದ ಒಂದು ಹೆಸರು ಸೇರಿಸಿ, ಅದನ್ನು ಅವಳಿಗೆ ಕಾಣುವಂತೆ ಒಂದು ಕ್ಷಣ ಹಿಡಿದು ಹೋದರು. ಕಾಯಂ ಆಗುವ ಮಾತು ಏನಾಯಿತು ಎಂದು ಕೇಳಲು ಅದು ಸಮಯವಾಗಿರಲಿಲ್ಲ. ಅದು ಆಗದೆಯೂ ಇರಬಹುದು. ಅರುಂಧತಿಗೆ ಹಸಿವಾಗಿತ್ತು.

ಚಿಕ್ಕಬೋರಯ್ಯ ಹಿಡಿಯ ಮೇಲಿನಿಂದ ಕೈ ತೆಗೆಯದೆ, ಇಳಿಯುವ ಜೋಳವನ್ನೇ ನೋಡುತ್ತ ಹೇಳಿದ: "ನಿಮ್ಮಪ್ಪಂಗೆ ಏಳ್ಬ್ಯಾಡಿ."

"ಏನು? ನಿಮ್ಮ ಹೆಸರು ತೆಗೆದಿದ್ದರು ಅಂತಾನಾ?"

"ಅದಲ್ಲ." ಅವನು ಬಾಗಿಲನ್ನು ಅಗತ್ಯವಿಲ್ಲದಿದ್ದರೂ ಒಂದಿಷ್ಟು ಸರಿಮಾಡಿದ. "ನಾನು ನಿಮ್ಮುನ್ನ... ನೀವು ಅಂದುದ್ನ."

"ಹೇಳ್ತೀನಿ," ಎಂದಳು ಅರುಂಧತಿ, ಊಟದ ಡಬ್ಬಿ ತೆಗೆದುಕೊಂಡು ಬರಲು ಒಳಗೆ ಹೋದಳು.